ಮನೆಯಂಗಳದ ಮರವೂ ಅದನ್ನು ಇಳಿಸುವವನೂ



ಅಂಗಳದಲ್ಲಿಯೋ ಹಿತ್ತಿಲಲ್ಲಿಯೋ ಬೆಳೆದ ಮರವು ಒಂದಲ್ಲ ಒಂದು ದಿನ ಗೃಹಸ್ಥನಿಗೆ ಚಿಂತೆಯನ್ನುಂಟುಮಾಡುವುದು. ಬೇರು ಮನೆಯ ತಳಪಾಯವನ್ನು ಎತ್ತಿರಬಹುದು. ಕೊಂಬೆಯು ನೆರೆಯವರ ಹೆಂಚಿನ ಮೇಲೆ ಚಾಚಿರಬಹುದು. ಕಾಂಡದೊಳಗೆ ಪೊಟರೆ ಬಿದ್ದು, ವೈಶಾಖದ ಬಿರುಗಾಳಿ ಎದ್ದ ರಾತ್ರಿ ಮನೆಮಂದಿಗೆಲ್ಲ ನಿದ್ರೆ ಬಾರದಂತಾಗಿರಬಹುದು. ಆಗ ಯಜಮಾನನು ಮರ ಕಡಿಯುವವನೊಬ್ಬನನ್ನು ಕರೆಸುತ್ತಾನೆ. ಬಂದವನು ತಲೆಯೆತ್ತಿ ಒಮ್ಮೆ ನೋಡುತ್ತಾನೆ, ಕೂಲಿ ಹೇಳುತ್ತಾನೆ. ಚೌಕಾಸಿಯಾದ ಮೇಲೆ ಕೊಡಲಿಯೂ ಹಗ್ಗವೂ ಬರುತ್ತವೆ. ಸಂಜೆಯ ಹೊತ್ತಿಗೆ ಅಂಗಳದಲ್ಲಿ ಹಿಂದೆಂದೂ ಕಾಣದಿದ್ದ ಬೆಳಕು ಬಿದ್ದಿರುತ್ತದೆ.

ನೋಡುವುದಕ್ಕೆ ಇದು ಬಹಳ ಸಣ್ಣ ವ್ಯವಹಾರ. ಇದಕ್ಕೂ ಇತಿಹಾಸವುಂಟೇ ಎಂದು ತಾವು ಕೇಳಬಹುದು. ಉಂಟು. ಈ ವ್ಯವಹಾರದೊಳಗೆ ಮೂರು ಪ್ರಶ್ನೆಗಳು ಅಡಗಿವೆ. ನನ್ನ ನೆಲದಲ್ಲಿರುವ ಮರವು ನನ್ನದೇ? ಅದನ್ನು ಕಡಿಯಬೇಕೆಂದು ನಿರ್ಣಯಿಸತಕ್ಕವರು ಯಾರು? ಕಡಿಯುವಾಗ ಕೆಡುಕಾದರೆ ಅದನ್ನು ಹೊರತಕ್ಕವರು ಯಾರು? ಮೊದಲಿನೆರಡು ಪ್ರಶ್ನೆಗಳಿಗೆ ನಮ್ಮ ದೇಶದ ಶಾಸ್ತ್ರಕಾರರೂ ಅರಸರೂ ಸರಕಾರಗಳೂ ಎರಡು ಸಾವಿರ ವರ್ಷಗಳಷ್ಟು ದೀರ್ಘಕಾಲದಿಂದ ಉತ್ತರ ಹೇಳುತ್ತ ಬಂದಿರುವರು. ಮೂರನೆಯದನ್ನು ಕೇಳಿದವರು ಬಹಳ ವಿರಳ. ಈ ಮಾತನ್ನೇ ತಮ್ಮ ಮುಂದಿಡಬೇಕೆಂಬುದು ಈ ಭಾಷಣದ ಉದ್ದೇಶ.

ಮೊದಲು ಮೈಸೂರಿನಿಂದಲೇ ಆರಂಭಿಸೋಣ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ತಾಳೆಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ೧೯೦೫ರಲ್ಲಿ ಗುರುತಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ೧೯೦೯ರಲ್ಲಿ ಮೂಲವೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವೂ ಪ್ರಕಟವಾದ ಮೇಲೆ ಲೋಕದ ವಿದ್ವಾಂಸರೆಲ್ಲ ಆ ಗ್ರಂಥದಲ್ಲಿ ಸಂಧಿವಿಗ್ರಹಗಳನ್ನೂ ಗೂಢಚಾರರನ್ನೂ ಹುಡುಕಿದರು. ಆದರೆ ಅದರ ಮೂರನೆಯ ಅಧಿಕರಣದಲ್ಲಿ, ಹೊಡೆದಾಟದ ದಂಡಗಳನ್ನು ಹೇಳುವ ಅಧ್ಯಾಯದ ಕೊನೆಯಲ್ಲಿ, ಊರಿನ ಉಪವನದ ಮರಗಳ ವಿಷಯವೂ ಬಂದಿದೆ. ಹೂ, ಹಣ್ಣು, ನೆರಳು ಕೊಡುವ ಮರದ ಚಿಗುರನ್ನು ಕತ್ತರಿಸಿದರೆ ೬ ಪಣ, ಸಣ್ಣ ಕೊಂಬೆಯನ್ನು ಕಡಿದರೆ ೧೨ ಪಣ, ದಪ್ಪ ಕೊಂಬೆಯನ್ನು ಕಡಿದರೆ ೨೪ ಪಣ ದಂಡ. ಕಾಂಡಕ್ಕೆ ಕೈಯಿಟ್ಟರೆ ಪೂರ್ವಸಾಹಸ, ಅಂದರೆ ೪೮ರಿಂದ ೯೬ ಪಣದವರೆಗೆ. ಬುಡಸಹಿತ ಕಿತ್ತರೆ ಮಧ್ಯಮ ಸಾಹಸ, ಅಂದರೆ ೨೦೦ರಿಂದ ೫೦೦ ಪಣದವರೆಗೆ. ಎಲ್ಲೆಯನ್ನು ತೋರಿಸುವ ಮರಗಳಿಗೂ ಪೂಜೆಗೊಳ್ಳುವ ಮರಗಳಿಗೂ ದಂಡವು ಇಮ್ಮಡಿ.

ಈ ಪಟ್ಟಿಯಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮರದ ಮೇಲಿನ ಪ್ರಹಾರವನ್ನು ಕೌಟಿಲ್ಯನು ಮನುಷ್ಯರ ಮೇಲೂ ಪಶುಗಳ ಮೇಲೂ ನಡೆಯುವ ಪ್ರಹಾರದ ಸಾಲಿನಲ್ಲಿಯೇ ಇಟ್ಟಿದ್ದಾನೆ. ಆ ಪ್ರಹಾರಕ್ಕೆ ಚಿಗುರಿನಿಂದ ಬುಡದವರೆಗೆ ಐದು ಮೆಟ್ಟಲುಗಳನ್ನೂ ಕಟ್ಟಿದ್ದಾನೆ. ಕೊಂಬೆ ಸವರುವುದಕ್ಕೂ ಮರವನ್ನೇ ತೆಗೆಯುವುದಕ್ಕೂ ಇರುವ ತಾರತಮ್ಯವು ಅವನಿಗೆ ಚೆನ್ನಾಗಿ ತಿಳಿದಿತ್ತು. ನಮ್ಮ ಕಾಲದ ಅನೇಕ ಗೃಹಸ್ಥರಿಗೆ ಅಷ್ಟು ತಾರತಮ್ಯವು ತಿಳಿದಿದ್ದರೆ ಎಷ್ಟೋ ಮರಗಳು ಉಳಿಯುತ್ತಿದ್ದುವು.

ಇದೇ ವಿಚಾರವು ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಬಂದಿದೆ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕನ್ನಡ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಇದ್ದವನು. ಆ ಚಕ್ರವರ್ತಿಯು ೧೦೭೬ರಿಂದ ೧೧೨೬ರವರೆಗೆ ಆಳಿದನು. ಸ್ಮೃತಿಯ ಪ್ರಕಾರ, ಜನರ ಜೀವನಕ್ಕೆ ಆಧಾರವಾದ ಮರದ ಕೊಂಬೆಯನ್ನು ಕಡಿದರೆ ೨೦, ಕಾಂಡವನ್ನು ಕಡಿದರೆ ೪೦, ಸಮೂಲವಾಗಿ ತೆಗೆದರೆ ೮೦ ಪಣ ದಂಡ. ದೇವಾಲಯ, ಪುಣ್ಯಸ್ಥಾನ, ಸ್ಮಶಾನ, ಎಲ್ಲೆ ಇವುಗಳಲ್ಲಿ ಬೆಳೆದುದಾದರೆ ಇಮ್ಮಡಿ. ಬಾಂಧವರೊಳಗಿನ ದಾಯಭಾಗಕ್ಕಾಗಿ ಮಿತಾಕ್ಷರೆಯನ್ನು ನ್ಯಾಯಾಲಯಗಳು ಎಷ್ಟೋ ಸಲ ತಿರುವಿಹಾಕಿವೆ. ಅದರಲ್ಲಿಯೇ ಮರಕ್ಕೂ ಒಂದು ಭಾಗವಿದ್ದುದನ್ನು ನೆನೆದವರು ಕಡಿಮೆ.

ಇವು ರಾಜದಂಡದ ಮಾತುಗಳು. ಮನೆಯ ಪಕ್ಕದ ಮರವನ್ನೇ ಕುರಿತು ಹೇಳಿದವನು ಆರನೆಯ ಶತಮಾನದ ವರಾಹಮಿಹಿರ. ಬೃಹತ್ಸಂಹಿತೆಯ ವಾಸ್ತುವಿದ್ಯೆಯಲ್ಲಿ ಅವನ ಅಭಿಪ್ರಾಯವೇನೆಂದರೆ, ಮನೆಗೆ ತೀರ ಸಮೀಪದಲ್ಲಿರುವ ಮುಳ್ಳಿನ ಮರಗಳು ಶತ್ರುಭಯವನ್ನೂ, ಹಾಲುಳ್ಳ ಮರಗಳು ಧನನಾಶವನ್ನೂ, ಹಣ್ಣಿನ ಮರಗಳು ಸಂತತಿಯ ಹಾನಿಯನ್ನೂ ಉಂಟುಮಾಡುವುವು. ಫಲಶ್ರುತಿಯನ್ನು ಬದಿಗಿಟ್ಟು ನೋಡಿದರೆ, ಆಲ, ಅತ್ತಿ, ಅರಳಿಗಳಂಥ ಹಾಲುಮರಗಳ ಬೇರು ಗೋಡೆಯನ್ನು ಸೀಳುವುದೆಂಬುದು ಯಾವ ಗಾರೆಯವನಿಗೂ ತಿಳಿದ ಸಂಗತಿಯೇ. ಆದರೆ ಆ ಶ್ಲೋಕದ ಮುಂದಿನ ಮಾತೇ ಮುಖ್ಯವಾದುದು. ಅಂಥ ಮರಗಳನ್ನು ಕಡಿಯಲು ಇಷ್ಟವಿಲ್ಲದವನು ಅವುಗಳ ನಡುವೆ ಪುನ್ನಾಗ, ಅಶೋಕ, ಬಕುಳ, ಹಲಸು, ಶಮೀ ಮುಂತಾದ ಮಂಗಳವೃಕ್ಷಗಳನ್ನು ನೆಡಲಿ, ದೋಷ ಪರಿಹಾರವಾಗುವುದು ಎಂದಿದ್ದಾನೆ. ದೋಷವನ್ನು ಹೇಳಿದ ಶಾಸ್ತ್ರಕಾರನೇ ಕೊಡಲಿಯಿಂದ ತಪ್ಪಿಸಿಕೊಳ್ಳುವ ದಾರಿಯನ್ನೂ ತೋರಿಸಿರುವನು.

ಕಡಿಯಲೇಬೇಕಾದಾಗ ಏನು ಮಾಡತಕ್ಕದ್ದು? ದೇವತಾಪ್ರತಿಮೆಗೆ ಮರ ತರುವ ಪ್ರಸಂಗದಲ್ಲಿ ವರಾಹಮಿಹಿರನು ಆ ಕ್ರಮವನ್ನು ಸವಿಸ್ತಾರವಾಗಿ ವರ್ಣಿಸಿದ್ದಾನೆ. ಹಿಂದಿನ ರಾತ್ರಿ ಮರಕ್ಕೆ ಬಲಿಪೂಜೆಗಳನ್ನು ಸಲ್ಲಿಸಿ, ಅದರಲ್ಲಿ ವಾಸಿಸುವ ಭೂತಗಳು ಬೇರೆ ನೆಲೆಯನ್ನು ನೋಡಿಕೊಳ್ಳಲೆಂದು ಪ್ರಾರ್ಥಿಸಬೇಕು. ಬೆಳಗಾದ ಮೇಲೆ ಮರಕ್ಕೆ ನೀರೆರೆದು, ಜೇನುತುಪ್ಪವನ್ನೂ ತುಪ್ಪವನ್ನೂ ಸವರಿದ ಕೊಡಲಿಯಿಂದ ಈಶಾನ್ಯದ ಕಡೆ ಮೊದಲ ಪೆಟ್ಟು ಹಾಕಿ, ಪ್ರದಕ್ಷಿಣಕ್ರಮದಲ್ಲಿ ಕಡಿಯುತ್ತ ಹೋಗಬೇಕು. ಮರವು ಪೂರ್ವಕ್ಕೋ ಈಶಾನ್ಯಕ್ಕೋ ಉತ್ತರಕ್ಕೋ ಬಿದ್ದರೆ ಶುಭ. ಇದನ್ನು ಕೇವಲ ನಂಬಿಕೆಯೆಂದು ತಳ್ಳಿಹಾಕಬೇಕಾಗಿಲ್ಲ. ಒಂದು ರಾತ್ರಿ ಕಾಯುವುದರಿಂದ ಆತುರದ ನಿರ್ಣಯಕ್ಕೆ ತಡೆಯುಂಟಾಗುತ್ತದೆ. ಮೊದಲ ಪೆಟ್ಟು ಎಲ್ಲಿ, ಮರ ಬೀಳುವುದೆತ್ತ ಎಂಬುದನ್ನು ಪೂರ್ವದಲ್ಲಿಯೇ ಯೋಚಿಸಬೇಕಾಗುತ್ತದೆ. ಇಂದಿನ ಕುಶಲಿಯೂ ಕೊಡಲಿಯೆತ್ತುವುದಕ್ಕೆ ಮುನ್ನ ಈ ಎರಡನ್ನೇ ಯೋಚಿಸುವನು.

ಇನ್ನು ಒಡೆತನದ ಪ್ರಶ್ನೆ. ನಮ್ಮ ದಾನಶಾಸನಗಳಲ್ಲಿ ಭೂಮಿಯೊಡನೆ ಕೊಡುವ ಹಕ್ಕುಗಳನ್ನು ಎಣಿಸುವ ಪದ್ಧತಿಯುಂಟು: ನಿಧಿ, ನಿಕ್ಷೇಪ, ಜಲ, ಪಾಷಾಣ ಇತ್ಯಾದಿ. ಅನೇಕ ಶಾಸನಗಳಲ್ಲಿ ಇವುಗಳೊಡನೆ ತರುವೂ, ಅಂದರೆ ಮರವೂ, ಪ್ರತ್ಯೇಕವಾಗಿ ಬರುತ್ತದೆ. ಮರವನ್ನು ಹೀಗೆ ಹೆಸರೆತ್ತಿ ಕೊಡಬೇಕಾಗಿತ್ತೆಂದರೆ, ಭೂಮಿಯ ಹಕ್ಕಿನಲ್ಲಿ ಮರದ ಹಕ್ಕು ತಾನಾಗಿಯೇ ಸೇರಿದೆಯೆಂದು ಹಿಂದಿನವರು ಭಾವಿಸಿರಲಿಲ್ಲವೆಂದು ತೋರುತ್ತದೆ. ನೆಲ ಒಬ್ಬನದು, ಮರ ಇನ್ನೊಬ್ಬನದು ಆಗಬಹುದಾಗಿತ್ತು.

ಇದಕ್ಕೆ ಮೈಸೂರು ಸೀಮೆಯಲ್ಲಿ ಶ್ರೀಗಂಧಕ್ಕಿಂತ ಉತ್ತಮವಾದ ನಿದರ್ಶನ ಬೇರೊಂದಿಲ್ಲ. ಟಿಪ್ಪು ಸುಲ್ತಾನನು ೧೭೯೨ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದನೆಂದು ಪ್ರತೀತಿಯಿದೆ. ಅವನ ಬಳಿಕ ಬಂದ ಮೈಸೂರು ಸರಕಾರವೂ ಆ ಹಕ್ಕನ್ನು ಬಿಡಲಿಲ್ಲ. ೧೯೦೦ರ ಮೈಸೂರು ಫಾರೆಸ್ಟ್ ರೆಗ್ಯುಲೇಷನ್ನೂ, ತರುವಾಯ ೧೯೬೩ರ ಅರಣ್ಯ ಶಾಸನವೂ ಇದೇ ದಾರಿಯನ್ನು ಹಿಡಿದುವು. ಬೆಂಗಳೂರಿನಲ್ಲಿ ೧೯೧೬ರಲ್ಲಿಯೂ ಮೈಸೂರಿನಲ್ಲಿ ೧೯೧೭ರಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ಏಳುವುದಕ್ಕೆ ಈ ಏಕಸ್ವಾಮ್ಯವೇ ಬೆಂಬಲವಾಯಿತು. ಆದರೆ ಗೃಹಸ್ಥನ ಗತಿಯೇನು? ಗಂಧದ ಬೀಜವನ್ನು ಹರಡುವುವು ಹಕ್ಕಿಗಳು. ಯಾರೂ ನೆಡದಿದ್ದರೂ ಬೇಲಿಯ ಮರೆಯಲ್ಲಿ ಸಸಿ ಏಳುತ್ತದೆ. ಎದ್ದ ಮರವು ಮನೆಯವನದಲ್ಲ. ಆದರೆ ಅದನ್ನು ಕಾಯುವ ಹೊಣೆ ಮನೆಯವನ ಮೇಲೆ. ಕಳ್ಳನು ಬಂದು ಕಡಿದೊಯ್ದರೆ ವಿಚಾರಣೆಯೂ ಅವನ ಬಾಗಿಲಿಗೇ. ಇಂಥ ಅತಿಥಿಯನ್ನು ಸಾಕುವುದಕ್ಕಿಂತ ಮೊಳಕೆಯಲ್ಲಿಯೇ ಚಿವುಟುವುದು ಲೇಸೆಂದು ಅನೇಕರು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮರವನ್ನು ರಕ್ಷಿಸುವುದಕ್ಕೆ ಹೊರಟ ಕಟ್ಟಳೆಯು ಮರದ ಮೇಲಿನ ಪ್ರೀತಿಯನ್ನೇ ಅಳಿಸಿತು. ಕೊನೆಗೆ ೨೦೦೧ರಲ್ಲಿ ಶಾಸನಕ್ಕೆ ತಿದ್ದುಪಡಿಯಾಗಿ, ತನ್ನ ನೆಲದಲ್ಲಿ ಬೆಳೆದ ಗಂಧದ ಮರಕ್ಕೆ ನೆಲದವನೇ ಒಡೆಯನೆಂದು ಒಪ್ಪಿಕೊಂಡಂತಾಯಿತು. ಆದರೂ ಕೇಳದೆ ಕಡಿಯುವ ಅಧಿಕಾರ ಅವನಿಗೆ ಬರಲಿಲ್ಲ.

ಗಂಧದ ಮರವನ್ನು ತೆಗೆಯುವ ರೀತಿಯೂ ಬೇರೆ. ಅದರ ಎಣ್ಣೆಯು ಚೇಗಿನಲ್ಲಿಯೂ ಬೇರಿನಲ್ಲಿಯೂ ಇರುವುದರಿಂದ ಅದನ್ನು ಬುಡದಲ್ಲಿ ಕಡಿಯದೆ ಸುತ್ತಲೂ ಅಗೆದು ಬೇರುಸಹಿತ ಎತ್ತುವರು. ತೆಂಗಿನ ಮರಕ್ಕಾದರೆ ತಲೆಯಿಂದ ಮೊದಲಾಗಬೇಕು. ಹುಣಿಸೆಗೆ ಕೊಡಲಿ ಹರಿತವಾಗಿರಬೇಕು. ನುಗ್ಗೆಯು ಹಗುರವೆಂದು ಹತ್ತಿದರೆ ಕೊಂಬೆ ಮುರಿದು ಕೆಳಕ್ಕೆ ಕೆಡವುವುದು. ಒಂದೊಂದು ಮರಕ್ಕೂ ಒಂದೊಂದು ಸ್ವಭಾವವಿದೆ. ಅದನ್ನು ಬಲ್ಲವನೇ ಕುಶಲಿ.

ಈಗ ನಗರದ ಅಂಗಳಕ್ಕೆ ಬರೋಣ. ಬೆಂಗಳೂರಿನಲ್ಲಿ ೧೮೯೮ರಲ್ಲಿ ಪ್ಲೇಗು ಕಾಣಿಸಿಕೊಂಡ ತರುವಾಯ ಜನರು ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಬಸವನಗುಡಿ ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳಿಗೆ ಸರಿದರು. ಅಲ್ಲಿ ಅಗಲವಾದ ಬೀದಿಗಳಿದ್ದುವು. ಮನೆಯ ಸುತ್ತಲೂ ಕೈತೋಟಕ್ಕೆ ಜಾಗವಿದ್ದಿತು. ೧೮೭೪ರಿಂದ ೧೯೦೮ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮೆರಾನನೂ, ಅವನ ಬಳಿಕ ಬಂದ ಜರ್ಮನ್ ತೋಟಗಾರ ಕ್ರುಂಬಿಗೆಲ್ಲನೂ ದೂರದೇಶಗಳ ಗಿಡಮರಗಳನ್ನು ಈ ನೆಲಕ್ಕೆ ಒಗ್ಗಿಸಿದರು. ದಕ್ಷಿಣ ಅಮೆರಿಕದ ಜಕರಂಡ, ಮಡಗಾಸ್ಕರಿನ ಗುಲ್‌ಮೊಹರ್, ಆಸ್ಟ್ರೇಲಿಯದ ಸಿಲ್ವರ್ ಓಕ್, ಅಮೆರಿಕದ ಉಷ್ಣಪ್ರದೇಶದ ಮಳೆಮರ ಇವು ನಮ್ಮ ಬೀದಿಗಳ ಮರಗಳಾಗಿಹೋದುವು. ಒಂದು ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಕ್ರುಂಬಿಗೆಲ್ಲನು ಸಾಲುಮರಗಳನ್ನು ಯೋಜಿಸಿದನೆಂಬುದು ಪ್ರಸಿದ್ಧವೇ ಆಗಿದೆ.

ಆ ಕಾಲದ ಗೃಹಸ್ಥರು ಅಂಗುಲದಷ್ಟು ಸಸಿಯನ್ನು ಕಂಡು ನೆಟ್ಟರು. ಐವತ್ತು ವರ್ಷಗಳ ಬಳಿಕದ ಮರವನ್ನು ಮನಸ್ಸಿಗೆ ತಂದುಕೊಳ್ಳಲಿಲ್ಲ. ಮಳೆಮರವು ಕೊಡೆಯಂತೆ ಹರಡಿ ಎರಡು ನಿವೇಶನಗಳನ್ನು ಮುಚ್ಚುವುದು. ಗುಲ್‌ಮೊಹರಿನ ಬೇರು ಆಳಕ್ಕಿಳಿಯದೆ ಮೇಲೆಯೇ ಹಬ್ಬುವುದು. ಮರವೂ ಬೇಗನೆ ಮುಪ್ಪಾಗುವುದು. ಇತ್ತ ನಿವೇಶನಗಳು ಪಾಲಾದುವು, ಮಹಡಿಗಳೆದ್ದುವು, ಮರದ ಬುಡಕ್ಕೆ ಕಲ್ಲುಹಾಸು ಬಂದಿತು. ೧೯೦೫ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಬೆಂಗಳೂರಿನ ಬೀದಿಗಳನ್ನು ಬೆಳಗಿದಂದಿನಿಂದ ಕೊಂಬೆಗಳ ನಡುವೆ ತಂತಿಗಳೂ ಸೇರಿಕೊಂಡುವು. ಇದರಿಂದ ಮರ ಕಡಿಯುವವನ ಕೆಲಸವೇ ಮಾರ್ಪಟ್ಟಿತು. ಹೊಲದ ಮರವನ್ನು ಉರುಳಿಸಿದರೆ ಸಾಕು. ಪೇಟೆಯ ಮರವನ್ನು ಉರುಳಿಸುವುದಕ್ಕೆ ಸ್ಥಳವೇ ಇಲ್ಲ. ಅದನ್ನು ತುಂಡುತುಂಡಾಗಿ ಆಕಾಶದಿಂದ ನೆಲಕ್ಕೆ ಇಳಿಸಬೇಕು. ಮರವನ್ನು ಇಳಿಸುವವನು ಎಂದು ನಾನು ಹೇಳುತ್ತಿರುವುದು ಈ ಕಾರಣದಿಂದಲೇ.

ಆ ವಿದ್ಯೆ ಎಂಥದೆಂಬುದನ್ನು ಸ್ವಲ್ಪ ನೋಡೋಣ. ತೆರಪಿರುವ ಕಡೆ ಮರವನ್ನು ಉರುಳಿಸುವಾಗ, ಬೀಳಬೇಕಾದ ದಿಕ್ಕಿನಲ್ಲಿ ಮೊದಲು ಕಾಂಡದ ದಪ್ಪದ ನಾಲ್ಕನೆಯ ಒಂದು ಪಾಲಿನಷ್ಟು ಆಳಕ್ಕೆ ಬಾಯಿ ತೆರೆಯುವರು. ಅನಂತರ ಹಿಂದಿನಿಂದ, ಆ ಬಾಯಿಗಿಂತ ಸ್ವಲ್ಪ ಎತ್ತರದಲ್ಲಿ ಕೊಯ್ಯುತ್ತ ಬರುವರು. ಎರಡು ಕೊಯಿಲುಗಳೂ ಕೂಡದಂತೆ ನಡುವೆ ಒಂದು ಪಟ್ಟಿ ಮರವನ್ನು ಉಳಿಸುವುದೇ ಇದರ ಗುಟ್ಟು. ಬಾಗಿಲಿಗೆ ಕೀಲು ಹೇಗೋ ಬೀಳುವ ಮರಕ್ಕೆ ಆ ಪಟ್ಟಿ ಹಾಗೆ. ಅದು ಇರುವವರೆಗೆ ಮರವು ಹೇಳಿದ ದಿಕ್ಕಿಗೆ ನಿಧಾನವಾಗಿ ಬಾಗುವುದು. ಅದನ್ನು ಕತ್ತರಿಸಿದೊಡನೆ ಮರವು ತನಗೆ ಬೇಕಾದತ್ತ ಬೀಳುವುದು. ದಪ್ಪ ಕೊಂಬೆಯನ್ನು ತೆಗೆಯುವಾಗಲೂ ಕೆಳಗಿನಿಂದ ಮೊದಲ ಕೊಯಿಲು ಹಾಕಿ, ಅದಕ್ಕಿಂತ ಆಚೆ ಮೇಲಿನಿಂದ ಎರಡನೆಯದನ್ನು ಹಾಕುವರು. ಹಾಗಲ್ಲದೆ ಮೇಲಿನಿಂದಲೇ ಕೊಯ್ದರೆ ಕೊಂಬೆಯು ತನ್ನ ಭಾರಕ್ಕೆ ಸೀಳಿ, ಕಾಂಡದ ತೊಗಟೆಯನ್ನೂ ಕುಳಿತವನ ಕಾಲನ್ನೂ ಎಳೆದುಕೊಂಡು ಹೋಗುವುದು. ಕುಳಿತ ಕೊಂಬೆಯನ್ನೇ ಕಡಿದ ಮೂರ್ಖನ ಕಥೆಯನ್ನು ಕೇಳಿ ನಾವೆಲ್ಲ ನಕ್ಕಿದ್ದೇವೆ. ಮರ ಹತ್ತುವವನಿಗೆ ಅದು ನಗುವ ಕಥೆಯಲ್ಲ. ಅವನು ಪ್ರತಿದಿನವೂ ತಪ್ಪಿಸಿಕೊಳ್ಳಬೇಕಾದ ಅಪಾಯ.

ಇಷ್ಟು ವಿದ್ಯೆಯುಳ್ಳವನಿಗೆ ನಾವು ಕೊಡುತ್ತ ಬಂದ ಪ್ರತಿಫಲವೇನು? ಬಹುಕಾಲದಿಂದ ನಡೆದುಬಂದ ಒಂದು ರೂಢಿಯೆಂದರೆ, ಕಡಿದವನು ಸೌದೆಯನ್ನೂ ದಿಮ್ಮಿಯನ್ನೂ ಕೂಲಿಗೆ ಮುರಿದುಕೊಂಡು ಒಯ್ಯುವುದು. ಮರ ದೊಡ್ಡದಾಗಿದ್ದರೆ ಅವನೇ ಮನೆಯವರಿಗೆ ಹಣ ಕೊಡುವುದೂ ಉಂಟು. ಇಬ್ಬರಿಗೂ ಇದು ಅನುಕೂಲವಾಗಿಯೇ ಕಾಣುತ್ತದೆ. ಆದರೆ ಯೋಚಿಸಿ ನೋಡಿ: ಮರವು ಉಳಿಯಬೇಕೋ ಹೋಗಬೇಕೋ ಎಂದು ನಾವು ಸಲಹೆ ಕೇಳುವುದು ಯಾರನ್ನು? ಅದು ಹೋದರೆ ಸೌದೆ ದೊರೆಯುವವನನ್ನು. ಒಂದು ಕೊಂಬೆಯನ್ನು ಸವರಿದರೆ ಸಾಕಾಗಿದ್ದ ಮರವೂ ಈ ಲೆಕ್ಕದಲ್ಲಿ ಬುಡಸಹಿತ ಹೋಗುವುದು. ದೋಷವು ಆ ಬಡವನದೆನ್ನಲಾಗದು. ತೀರ್ಪನ್ನೂ ಲಾಭವನ್ನೂ ಒಂದೇ ಕೈಯಲ್ಲಿಟ್ಟ ನಮ್ಮ ಪದ್ಧತಿಯದು.

ಇವೆರಡನ್ನೂ ಬೇರ್ಪಡಿಸುವ ವಿಚಾರವು ಅಮೆರಿಕದಲ್ಲಿ ಸ್ಪಷ್ಟವಾಗಿ ರೂಪುಗೊಂಡಿತು. ಇಂಗ್ಲೆಂಡಿನ ಸಾಮರ್‌ಸೆಟ್ಟಿನಲ್ಲಿ ೧೮೪೬ರಲ್ಲಿ ಹುಟ್ಟಿ, ಅಮೆರಿಕದ ಓಹಾಯೋ ಸಂಸ್ಥಾನದ ಕೆಂಟ್ ಎಂಬ ಊರಿನಲ್ಲಿ ನೆಲಸಿದ ಜಾನ್ ಡೇವಿ ಎಂಬ ತೋಟಗಾರನು ೧೯೦೧ರಲ್ಲಿ ‘ದಿ ಟ್ರೀ ಡಾಕ್ಟರ್’ ಎಂಬ ಪುಸ್ತಕವನ್ನು ಪ್ರಕಟಿಸಿದನು. ಮರಕ್ಕೂ ವೈದ್ಯನು ಬೇಕು, ಕಡಿಯುವುದು ಕೊನೆಯ ಚಿಕಿತ್ಸೆ ಎಂಬುದು ಅವನ ಮತ. ಅವನ ಚಿಕಿತ್ಸೆಗಳೆಲ್ಲ ನಿಲ್ಲಲಿಲ್ಲ. ಪೊಟರೆಗೆ ಸಿಮೆಂಟು ತುಂಬುವ ಅಂದಿನ ಪದ್ಧತಿಯನ್ನು ಮುಂದಿನವರು ಕೈಬಿಟ್ಟರು. ಗಾಯವಾದ ಕಡೆ ಮರವು ತನ್ನೊಳಗೇ ಗೋಡೆಗಳನ್ನು ಕಟ್ಟಿಕೊಂಡು ಕೊಳೆತವನ್ನು ತಡೆಯುವುದೆಂದು, ಸಾವಿರಾರು ಮರಗಳನ್ನು ಸೀಳಿ ನೋಡಿದ ಅಲೆಕ್ಸ್ ಶೈಗೋ ಎಂಬ ಅಮೆರಿಕದ ವಿಜ್ಞಾನಿಯು ೧೯೭೦ರ ದಶಕದಲ್ಲಿ ತೋರಿಸಿಕೊಟ್ಟನು. ಆದರೆ ವೈದ್ಯನು ಬೇರೆ, ಕಡಿಯುವವನು ಬೇರೆ ಎಂಬ ಮೂಲತತ್ತ್ವವು ಉಳಿದುಕೊಂಡಿತು.

ಇದೇ ಹೊತ್ತಿಗೆ ಉಪಕರಣವೂ ಬದಲಾಯಿತು. ಜರ್ಮನಿಯಲ್ಲಿ ಆಂದ್ರೆಯಾಸ್ ಸ್ಟಿಲ್ ಎಂಬಾತನು ೧೯೨೬ರಲ್ಲಿ ವಿದ್ಯುತ್ತಿನಿಂದಲೂ ೧೯೨೯ರಲ್ಲಿ ಪೆಟ್ರೋಲಿನಿಂದಲೂ ನಡೆಯುವ ಸರಪಳಿ ಗರಗಸಗಳನ್ನು ತಯಾರಿಸಿದನು. ಅವುಗಳ ಸಂತತಿಯು ಈಗ ನಮ್ಮ ಬೀದಿಬೀದಿಗಳಲ್ಲಿಯೂ ಗರ್ಜಿಸುತ್ತಿದೆ. ಕೊಡಲಿಯಿಂದ ಒಂದು ಹಗಲು ಹಿಡಿಯುತ್ತಿದ್ದ ಕೆಲಸವು ಗಳಿಗೆಯಲ್ಲಿ ಮುಗಿಯುತ್ತದೆ. ಆದರೆ ಕೊಡಲಿಯು ನಿಧಾನವಾಗಿದ್ದುದರಿಂದ ನಡುವೆ ನಿಂತು ಯೋಚಿಸುವುದಕ್ಕೂ, ಮರವು ಕಿರುಗುಟ್ಟಿದ್ದನ್ನು ಕೇಳುವುದಕ್ಕೂ ವೇಳೆಯಿದ್ದಿತು. ಯಂತ್ರದ ಗದ್ದಲದಲ್ಲಿ ಮರದ ಎಚ್ಚರಿಕೆಯೂ ಕೇಳದು, ಕೆಳಗಿನವನ ಕೂಗೂ ಕೇಳದು.

ನೆರೆಹೊರೆಯ ಹಕ್ಕಿನ ವಿಷಯವೂ ಒಂದಿದೆ. ಇಂಗ್ಲೆಂಡಿನಲ್ಲಿ ಲೆಮನ್ ಎಂಬಾತನಿಗೂ ವೆಬ್ ಎಂಬಾತನಿಗೂ ನಡೆದ ವ್ಯಾಜ್ಯದಲ್ಲಿ ಅಲ್ಲಿನ ಪ್ರಭುಸಭೆಯು ೧೮೯೪ರಲ್ಲಿ ತೀರ್ಪಿತ್ತಿತು. ನೆರೆಯವನ ಮರದ ಕೊಂಬೆ ನಮ್ಮ ನೆಲದ ಮೇಲೆ ಚಾಚಿದ್ದರೆ, ಅವನ ನೆಲದಲ್ಲಿ ಕಾಲಿಡದೆ, ನಮ್ಮ ಎಲ್ಲೆಯೊಳಗಿನಷ್ಟನ್ನು ನಾವು ಕಡಿಯಬಹುದು. ಮುಂದಾಗಿ ತಿಳಿಸಬೇಕೆಂಬ ಕಟ್ಟುಪಾಡೂ ಇಲ್ಲ. ನ್ಯಾಯಶಾಸ್ತ್ರದ ದೃಷ್ಟಿಗೆ ಇದು ಸರಿಯಿರಬಹುದು. ಆದರೆ ಮಾತಿಲ್ಲದೆ ಕೊಂಬೆ ಕಡಿದ ಮೇಲೆ ಎರಡು ಮನೆಗಳೂ ಮಾತಿಲ್ಲದೆಯೇ ಇರಬೇಕಾದೀತು.

ನಮ್ಮಲ್ಲಿ ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಶಾಸನವು ಈ ಎಲ್ಲ ವಿಚಾರಗಳನ್ನೂ ಒಂದೆಡೆ ತಂದಿತು. ವೃಕ್ಷಾಧಿಕಾರಿಯ ಅಪ್ಪಣೆಯಿಲ್ಲದೆ ಸ್ವಂತ ನೆಲದ ಮರವನ್ನೂ ಕಡಿಯಕೂಡದು. ಒಣಗಿದ, ರೋಗ ಹಿಡಿದ, ಗಾಳಿಗೆ ಬಿದ್ದ ಮರಗಳಿಗೂ, ಪ್ರಾಣಕ್ಕೆ ಅಥವಾ ಸ್ವತ್ತಿಗೆ ಅಪಾಯಕರವಾದ ಮರಗಳಿಗೂ ಅಪ್ಪಣೆ ದೊರೆಯುವುದು. ತೆಂಗು, ಸರ್ವೆ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿಯುಂಟು. ಕಡಿದವನು ಬದಲಿಗೆ ಗಿಡ ನೆಡಬೇಕೆಂದು ವಿಧಿಸುವ ಅಧಿಕಾರವೂ ಇದೆ. ಕೌಟಿಲ್ಯನ ದಂಡಪಟ್ಟಿಯೂ, ಮಂಗಳವೃಕ್ಷವನ್ನು ನೆಡೆಂದ ವರಾಹಮಿಹಿರನ ಸಲಹೆಯೂ ಬೇರೊಂದು ರೂಪದಲ್ಲಿ ಮತ್ತೆ ಬಂದಂತಿದೆ. ಅಪ್ಪಣೆಗಾಗಿ ಕಚೇರಿಗೆ ಅಲೆಯಬೇಕೆಂದು ಬೇಸರಗೊಳ್ಳುವವರುಂಟು. ಆದರೆ ಸೌದೆಯಲ್ಲಿ ಪಾಲಿಲ್ಲದವನೊಬ್ಬನು ಬಂದು ಮರವನ್ನು ನೋಡಬೇಕೆಂಬ ತತ್ತ್ವವು ತಪ್ಪೆಂದು ಹೇಳಲಾಗದು.

ಹೀಗೆ ಮರಕ್ಕೆ ದಂಡನೀತಿಯ ರಕ್ಷೆ ದೊರೆಯಿತು. ಮರದ ಭೂತಕ್ಕೆ ಬಲಿ ದೊರೆಯಿತು. ಅರಸನಿಗೆ ಗಂಧ, ನೆರೆಯವನಿಗೆ ಕೊಂಬೆ, ಮನೆಯವನಿಗೆ ಬೆಳಕು ದೊರೆತುವು. ಕೊಂಬೆಯ ಮೇಲೆ ಕುಳಿತವನಿಗೆ ದೊರೆತುದೇನು? ಬ್ರಿಟಿಷ್ ಇಂಡಿಯಾದಲ್ಲಿ ೧೯೨೩ರಲ್ಲಿ ಕೆಲಸಗಾರರ ಪರಿಹಾರದ ಶಾಸನವು ಹುಟ್ಟಿತು. ಕೆಲಸದಲ್ಲಿ ಗಾಯಗೊಂಡವನಿಗೆ, ಸತ್ತವನ ಸಂಸಾರಕ್ಕೆ, ಕೆಲಸ ಕೊಟ್ಟವನು ಪರಿಹಾರ ಕೊಡಬೇಕೆಂಬ ಘನವಾದ ನಿಯಮವದು. ಆದರೆ ಅದರಲ್ಲಿ ಕೆಲಸಗಾರನೆಂದರೆ ಯಾರೆಂದು ವಿವರಿಸುವ ಮಾತಿನಲ್ಲಿಯೇ ಒಂದು ಹೊರತು ಇದ್ದಿತು: ಕೆಲಸವು ಆಕಸ್ಮಿಕವಾದುದಾಗಿದ್ದು, ಯಜಮಾನನ ವ್ಯಾಪಾರ ಉದ್ಯೋಗಗಳಿಗೆ ಸಂಬಂಧಿಸದಿದ್ದರೆ ಅಂಥವನು ಕೆಲಸಗಾರನಲ್ಲ. ಹಿತ್ತಿಲ ಮರವೊಂದಕ್ಕಾಗಿ ಒಂದು ದಿನದ ಮಟ್ಟಿಗೆ ಕರೆಸಿಕೊಂಡವನನ್ನು ಈ ಮಾತು ತೂಗಿಟ್ಟಂತೆ ಹೊರಗಿಡುತ್ತದೆ. ಸ್ವಾತಂತ್ರ್ಯಾನಂತರವೂ ಅದು ಹಾಗೆಯೇ ಇದ್ದು, ೨೦೦೦ದ ತಿದ್ದುಪಡಿಯಲ್ಲಿ ತೆಗೆದುಹಾಕಲ್ಪಟ್ಟಿತು. ಎಪ್ಪತ್ತೇಳು ವರ್ಷಗಳ ಕಾಲ ಶಾಸನದ ಭಾಷೆಯಲ್ಲಿ ಆ ಮನುಷ್ಯನು ಇರಲೇ ಇಲ್ಲವೆಂದು ಹೇಳಬಹುದು. ತಿದ್ದುಪಡಿಯಾದ ಮೇಲೂ, ಹೆಸರು ಕೇಳದೆ ಬೀದಿಯಿಂದ ಕರೆದವನೊಬ್ಬನು ನಮ್ಮ ಅಂಗಳದಲ್ಲಿ ಬಿದ್ದರೆ, ಅವನ ಹೆಂಡಿರುಮಕ್ಕಳು ಯಾವ ಕಾಗದವನ್ನು ಹಿಡಿದು ಯಾವ ಬಾಗಿಲನ್ನು ತಟ್ಟಬೇಕು?

ಆದುದರಿಂದ ಮರ ತೆಗೆಸಬೇಕೆಂದಿರುವ ಗೃಹಸ್ಥರಲ್ಲಿ ಕೆಲವು ಮಾತುಗಳನ್ನು ವಿನಯದಿಂದ ಅರಿಕೆಮಾಡುವೆನು. ಮರವು ಹೋಗಲೇಬೇಕೇ ಎಂಬುದನ್ನು ಸೌದೆಯ ಆಸೆಯಿಲ್ಲದವರಿಂದ ಮೊದಲು ಕೇಳಿ ತಿಳಿಯಿರಿ. ಬೇಕಾದ ಅಪ್ಪಣೆಯನ್ನು ಪಡೆಯಿರಿ. ನೆರೆಯವರಿಗೂ ಒಂದು ಮಾತು ತಿಳಿಸಿರಿ. ಕೊಂಬೆಯ ಸಮೀಪದಲ್ಲಿ ತಂತಿಯಿದ್ದರೆ ವಿದ್ಯುತ್ತಿನವರಿಗೆ ಹೇಳಿ ಪ್ರವಾಹವನ್ನು ನಿಲ್ಲಿಸಿಯೇ ಕೆಲಸ ಹಚ್ಚಿರಿ. ಹಸಿಯ ಕೊಂಬೆಯೂ ನೆನೆದ ಹಗ್ಗವೂ ವಿದ್ಯುತ್ತಿಗೆ ದಾರಿಯಾಗುವುವು. ಬಂದವನನ್ನು ಕೂಲಿ ಎಷ್ಟೆಂದು ಕೇಳುವುದಕ್ಕೆ ಮೊದಲು, ಮೊದಲ ಕೊಂಬೆ ಯಾವುದು, ಅದು ಎಲ್ಲಿ ಇಳಿಯುವುದು, ಹಗ್ಗ ಹಿಡಿಯುವವರು ಯಾರು ಎಂದು ಕೇಳಿರಿ. ಕುಶಲಿಯಾದವನು ಒಡನೆಯೇ ಉತ್ತರ ಹೇಳುವನು. ಅರಿಯದವನು ದೇವರಿದ್ದಾನೆಂದು ಹೇಳುವನು. ಸೊಂಟಕ್ಕೆ ಕಟ್ಟುವ ಪಟ್ಟಿ, ತಲೆಗೆ ಗಟ್ಟಿ ಟೋಪಿ, ಕೆಳಗೊಬ್ಬ ಸಹಾಯಕ ಇವಿಲ್ಲದಿದ್ದರೆ ಮರದ ಮೇಲಕ್ಕೆ ಹತ್ತಿಸಬೇಡಿರಿ. ಗಾಳಿ ಎದ್ದರೆ, ಮಳೆ ಬಂದರೆ, ಅರ್ಧ ಕೆಲಸವಾಗಿದ್ದರೂ ಇಳಿಯೆಂದು ಹೇಳುವ ಹೊಣೆ ಯಜಮಾನನದೇ. ಏಕೆಂದರೆ ದಿನದ ಕೂಲಿಯನ್ನು ಕಳೆದುಕೊಳ್ಳಲು ಅಂಜುವವನು ತಾನಾಗಿ ಇಳಿಯನು. ಕೂಲಿಯನ್ನು ಹಣವಾಗಿಯೇ ಕೊಡಿರಿ, ಸೌದೆಯ ಲೆಕ್ಕ ಬೇರೆಯಿರಲಿ. ಅತಿ ಕಡಿಮೆ ಕೇಳಿದವನು ಏನನ್ನು ಬಿಟ್ಟು ಆ ಬೆಲೆಗೆ ಒಪ್ಪಿದನೆಂಬುದನ್ನೂ ಯೋಚಿಸಿರಿ. ಅವನು ಬಿಟ್ಟಿರುವುದು ಬಹುಶಃ ಹಗ್ಗವನ್ನು, ಇಲ್ಲವೆ ಹಗ್ಗ ಹಿಡಿಯುವವನನ್ನು.

ವರಾಹಮಿಹಿರನ ವಿಧಿಯಲ್ಲಿ ಮರದ ಭೂತಗಳನ್ನು ಬೇರೆಡೆಗೆ ಹೋಗಿರೆಂದು ಪ್ರಾರ್ಥಿಸುವ ಮಾತನ್ನು ಹೇಳಿದೆನಷ್ಟೆ. ಕಾಣದ ಜೀವಕ್ಕೆ ಅಷ್ಟು ಮರ್ಯಾದೆ ತೋರಿಸಿದ ನಾಡು ನಮ್ಮದು. ಕಾಣುವ ಜೀವವೊಂದು ಮೂವತ್ತಡಿ ಎತ್ತರದಲ್ಲಿ, ನಮ್ಮ ಮನೆಯ ಕ್ಷೇಮಕ್ಕಾಗಿ, ಒಂದು ಹಗ್ಗದ ನಂಬಿಕೆಯ ಮೇಲೆ ನಿಂತಿರುವಾಗ ಅದಕ್ಕೂ ಆ ಮರ್ಯಾದೆ ಸಲ್ಲತಕ್ಕದ್ದು. ಮರ ಇಳಿದ ಮೇಲೆ ಅದೇ ಅಂಗಳದಲ್ಲಿ, ಗೋಡೆಯಿಂದ ತಕ್ಕಷ್ಟು ದೂರದಲ್ಲಿ, ಒಂದು ಬಕುಳದ ಸಸಿಯನ್ನು ನೆಡಿರಿ. ಇಳಿಸಿದವನು ಸುರಕ್ಷಿತವಾಗಿ ಮನೆಗೆ ಹೋದನೇ ಎಂಬುದನ್ನು ವಿಚಾರಿಸಿಕೊಂಡ ಮೇಲೆ ಅದಕ್ಕೆ ಮೊದಲ ತಂಬಿಗೆ ನೀರನ್ನು ಹಾಕಿರಿ.